‘ಇತಿಹಾಸದಲ್ಲಿ ಈ ದಿನ’ ಬರೆಯುವುದು ಹೇಗೆ? ಡಿಸೆಂಬರ್ 29ನ್ನು ಎದುರಿಗಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಶಾಲೆಯ ಪ್ರಾರ್ಥನೆಯಲ್ಲಿ ಓದುವ ಚೀಟಿ, ಕಚೇರಿಯ ಸೂಚನಾ ಫಲಕ, ಮಾಸಪತ್ರಿಕೆಯ ಮೂಲೆ, ವಾಟ್ಸ್‌ಆ್ಯಪ್ ಗುಂಪು: ‘ಇತಿಹಾಸದಲ್ಲಿ ಈ ದಿನ’ ಎಲ್ಲೇ ಬಂದರೂ ತಪ್ಪುಗಳು ಅವೇ. ಮಾರನೆಯ ದಿನದ ಘಟನೆ ಇವತ್ತಿಗೆ ಬಂದು ಕೂರುತ್ತದೆ. ಒಬ್ಬರ ಹೆಸರಿನ ಪಕ್ಕ ಇನ್ನೊಬ್ಬರ ಫೋಟೊ ಬರುತ್ತದೆ. ಎಂದೋ ಬದಲಾದ ದಿನಾಚರಣೆ ವರ್ಷವರ್ಷವೂ ಹಾಜರಿ ಹಾಕುತ್ತದೆ. ಮಾಹಿತಿಗೇನೂ ಬರವಿಲ್ಲ, ಕೆಲಸದ ಕ್ರಮವೇ ತಲೆಕೆಳಗಾಗಿರುತ್ತದೆ. ಮೊದಲು ಸಾಲು ಬರೆದು ಆಮೇಲೆ ಪರಿಶೀಲನೆಗೆ ಇಳಿದರೆ, ಅಷ್ಟರಲ್ಲಿ ಸಾಲು ಚೆಂದವಾಗಿ ಕೂತುಬಿಟ್ಟಿರುತ್ತದೆ, ಕಿತ್ತು ಹಾಕಲು ಕೈ ಬರುವುದಿಲ್ಲ.

ಉದಾಹರಣೆಗೆ ಡಿಸೆಂಬರ್ 29ನ್ನು ತೆಗೆದುಕೊಂಡಿದ್ದೇವೆ. ಬೀಳಬಹುದಾದ ಗುಂಡಿಗಳೆಲ್ಲ ಹೆಚ್ಚುಕಡಿಮೆ ಈ ಒಂದೇ ದಿನದಲ್ಲಿ ಸಿಗುತ್ತವೆ.

ಬೇಕಾಗುವ ಸಾಮಗ್ರಿ ಮತ್ತು ಸಮಯ

ಒಂದು ದಿನದ ಪುಟಕ್ಕೆ ಮೂರರಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ, ಅದೂ ಒಂದೇ ಕೂತಿಗೆ ಬೇಡ. ಸಂಗ್ರಹ ಒಂದು ದಿನ, ಪರಿಶೀಲನೆ ಇನ್ನೊಂದು ದಿನ. ಹಿಂದಿನ ರಾತ್ರಿ ಹತ್ತು ಗಂಟೆಗೆ ಶುರು ಮಾಡಿದ ಪುಟದಲ್ಲಿ ತಪ್ಪಿಲ್ಲದಿದ್ದರೆ ಅದು ಅದೃಷ್ಟ.

ಎಕ್ಸೆಲ್ ಹಾಳೆಯಾಗಲಿ, ಗೀಟು ಹಾಕಿದ ನೋಟ್‌ಬುಕ್ಕಾಗಲಿ, ಎಂಟು ಕಾಲಂ ಬೇಕು: ವರ್ಷ, ಹೆಸರು, ಕ್ರಿಯೆ, ಸ್ಥಳ, ಯಾವ ಕ್ಯಾಲೆಂಡರ್, ಮೂಲ ಒಂದು, ಮೂಲ ಎರಡು, ಷರಾ. ಎಕ್ಸೆಲ್ ಬಳಸುವವರು ವರ್ಷವನ್ನು ಬೇರೆ ಕಾಲಂನಲ್ಲಿ ಬರೀ ಸಂಖ್ಯೆಯಾಗಿ ಬರೆಯಿರಿ. 1900ಕ್ಕಿಂತ ಹಿಂದಿನ ತಾರೀಕನ್ನು ಎಕ್ಸೆಲ್ ತಾರೀಕು ಎಂದು ಗುರುತಿಸುವುದೇ ಇಲ್ಲ. 29-12-1904 ಅದಕ್ಕೆ ತಾರೀಕು, 29-12-1890 ಬರೀ ಅಕ್ಷರ. ಹೀಗಾಗಿ ವರ್ಷಾನುಕ್ರಮಕ್ಕೆ ಜೋಡಿಸಿದಾಗ ಹಳೆಯ ಸಾಲುಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಇವಲ್ಲದೆ ಒಂದು ಪಂಚಾಂಗ, ಹಳೆಯ ಪತ್ರಿಕೆಗಳನ್ನು ನೋಡಲು ಒಂದು ದಾರಿ (ಗ್ರಂಥಾಲಯದ ಕಡತವೋ ಅಂತರ್ಜಾಲದ ಸಂಗ್ರಹವೋ), ಮತ್ತು ಕೊನೆಯಲ್ಲಿ ಓದಿ ಹೇಳಲು ಇನ್ನೊಬ್ಬರು.

ಹಂತ 1: ಸಂಗ್ರಹಿಸಿ, ಆದರೆ ವಾಕ್ಯ ಬರೆಯಬೇಡಿ

ಕನ್ನಡ ಮತ್ತು ಇಂಗ್ಲಿಷ್ ವಿಕಿಪೀಡಿಯದ ದಿನದ ಪುಟಗಳು, ಪರೀಕ್ಷಾ ತಯಾರಿಯ ಪಟ್ಟಿಗಳು, ಹಿಂದಿನ ವರ್ಷದ ಸಂದೇಶಗಳು ಎಲ್ಲವನ್ನೂ ನೋಡಿ. ಇವು ಸುಳಿವು ಕೊಡುತ್ತವೆ ಅಷ್ಟೆ, ಇವನ್ನು ಆಧಾರ ಎಂದುಕೊಳ್ಳಬೇಡಿ. ಐವತ್ತು ಅರವತ್ತು ನಮೂದು ಸೇರಿಸಿ. ಹನ್ನೆರಡರಿಂದ ಹದಿನೈದು ಉಳಿದರೆ ಸಾಕು.

ಈ ಹಂತದಲ್ಲಿ ಕಾಲಂಗಳನ್ನು ಮಾತ್ರ ತುಂಬಿ. ‘ಖ್ಯಾತ’, ‘ಮಹಾನ್’, ‘ಅಪ್ರತಿಮ’ ಎಂಬ ವಿಶೇಷಣಗಳು ಹಾಳೆಗೆ ಬರಲೇಬಾರದು. ಅವು ಕಣ್ಣನ್ನು ತಾರೀಕಿನಿಂದ ಬೇರೆಡೆಗೆ ಎಳೆಯುತ್ತವೆ.

ಹಳೆಯ ಕನ್ನಡ ಪುಸ್ತಕಗಳಿಂದ ತೆಗೆಯುವಾಗ ಕನ್ನಡ ಅಂಕಿಗಳ ಮೇಲೆ ಬೆರಳಿಟ್ಟು ಓದಿ. ೬ ಮತ್ತು ೯ ಮಸುಕಾದ ಅಚ್ಚಿನಲ್ಲಿ ಅದಲುಬದಲಾಗುತ್ತವೆ. ತಾರೀಕು 12ರ ಒಳಗಿದ್ದರೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. 9/11 ಎಂದರೆ ಅಮೆರಿಕದವರಿಗೆ ಸೆಪ್ಟೆಂಬರ್ 11, ನಮಗೆ ನವೆಂಬರ್ 9. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುವ ರೂಢಿ ಮಾಡಿಕೊಳ್ಳಿ.

ಹಂತ 2: ಕ್ರಿಯಾಪದ ಹಿಡಿಯಿರಿ

ಇಡೀ ಕೆಲಸದ ಬೆನ್ನೆಲುಬು ಇದು. ತಾರೀಕು ಅಂಟಿಕೊಂಡಿರುವುದು ವ್ಯಕ್ತಿಗಲ್ಲ, ಕ್ರಿಯಾಪದಕ್ಕೆ. ಒಂದೇ ಘಟನೆಗೆ ಮೂರು ನಾಲ್ಕು ಕ್ರಿಯೆಗಳಿರುತ್ತವೆ, ಒಂದೊಂದಕ್ಕೂ ಬೇರೆ ಬೇರೆ ದಿನ.

ಅಂಡಮಾನಿನ ಸಾಲನ್ನೇ ನೋಡಿ. ‘1943 ಡಿಸೆಂಬರ್ 29: ಪೋರ್ಟ್‌ಬ್ಲೇರ್‌ನಲ್ಲಿ ನೇತಾಜಿ ಧ್ವಜ ಹಾರಿಸಿದರು’ ಎಂದು ಹಲವು ಪಟ್ಟಿಗಳಲ್ಲಿ ಕಾಣುತ್ತದೆ. ಸುಭಾಷ್‌ಚಂದ್ರ ಬೋಸ್ ಪೋರ್ಟ್‌ಬ್ಲೇರ್‌ನಲ್ಲಿ ಬಂದಿಳಿದದ್ದು 29ರಂದು, ಧ್ವಜ ಹಾರಿಸಿದ್ದು 30ರಂದು. 2018ರಲ್ಲಿ 75ನೇ ವರ್ಷದ ಕಾರ್ಯಕ್ರಮ ನಡೆದದ್ದೂ ಡಿಸೆಂಬರ್ 30ರಂದೇ. 29ರ ಪುಟದಲ್ಲಿ ಈ ಸಾಲು ಬೇಕೇ ಬೇಕು ಎಂದಾದರೆ ‘ಬಂದಿಳಿದರು’ ಎಂದೇ ಬರೆಯಿರಿ.

ಚೀನಾದ ಸುನ್ ಯಾತ್ ಸೆನ್ 1911ರ ಡಿಸೆಂಬರ್ 29ರಂದು ನಾನ್‌ಜಿಂಗ್‌ನಲ್ಲಿ ತಾತ್ಕಾಲಿಕ ಅಧ್ಯಕ್ಷರಾಗಿ ಚುನಾಯಿತರಾದರು, ಅಧಿಕಾರ ವಹಿಸಿಕೊಂಡದ್ದು 1912ರ ಜನವರಿ 1ರಂದು. ‘ಅಧ್ಯಕ್ಷರಾದರು’ ಎಂದು ಬರೆದರೆ ಎರಡರಲ್ಲಿ ಯಾವುದು ಎಂದು ಓದುಗ ಊಹಿಸಬೇಕಾಗುತ್ತದೆ. ಜೀವವೈವಿಧ್ಯ ಒಪ್ಪಂದವೂ ಹೀಗೆಯೇ: ಸಹಿಗೆ ತೆರೆದದ್ದು 1992ರ ಜೂನ್ 5, ಜಾರಿಗೆ ಬಂದದ್ದು 1993ರ ಡಿಸೆಂಬರ್ 29. ನಮ್ಮ ಸಂವಿಧಾನದ ಅಂಗೀಕಾರ (1949ರ ನವೆಂಬರ್ 26) ಮತ್ತು ಜಾರಿ (1950ರ ಜನವರಿ 26) ಎಲ್ಲರಿಗೂ ಬಾಯಿಪಾಠ. ಆದರೆ ಬೇರೆಯವರ ವಿಷಯ ಬಂದಾಗ ಆ ಎಚ್ಚರ ಮಾಯವಾಗುತ್ತದೆ.

ಹಾಳೆಯ ‘ಕ್ರಿಯೆ’ ಕಾಲಂನಲ್ಲಿ ಒಂದೇ ಪದ ಇರಬೇಕು: ಜನನ, ನಿಧನ, ಸಹಿ, ಅಂಗೀಕಾರ, ಜಾರಿ, ಘೋಷಣೆ, ಪ್ರದಾನ, ಆಯ್ಕೆ, ಪ್ರಮಾಣವಚನ, ಶಂಕುಸ್ಥಾಪನೆ, ಉದ್ಘಾಟನೆ. ‘ಆಯಿತು’, ‘ನಡೆಯಿತು’ ಎಂದು ಬರೆದುಕೊಂಡಿದ್ದರೆ ಆ ಸಾಲಿನ ಪರಿಶೀಲನೆ ಇನ್ನೂ ಶುರುವಾಗಿಲ್ಲ ಎಂದು ತಿಳಿಯಿರಿ. ಪ್ರಶಸ್ತಿಗಳಲ್ಲಿ ಇನ್ನಷ್ಟು ಹುಷಾರು: ಪ್ರಶಸ್ತಿ ಒಂದು ವರ್ಷದ ಹೆಸರಿನಲ್ಲಿದ್ದು, ಘೋಷಣೆ ಮತ್ತು ಪ್ರದಾನ ಬೇರೆ ವರ್ಷಕ್ಕೆ ಬೀಳುವುದುಂಟು.

ಹಲವು ದಿನ ನಡೆದ ಘಟನೆಯನ್ನು ಆರಂಭದ ದಿನಕ್ಕೆ ಹಾಕಿ. ಕಾಂಗ್ರೆಸ್ಸಿನ ಮೊದಲ ಅಧಿವೇಶನ 1885ರ ಡಿಸೆಂಬರ್ 28ರಂದು ಮುಂಬಯಿಯಲ್ಲಿ ಶುರುವಾಯಿತು, ಆದ್ದರಿಂದ ಅದು 28ರ ಪುಟದ ಸ್ವತ್ತು. ಮರುದಿನವೂ ಅಧಿವೇಶನ ಇತ್ತೆಂದು 29ಕ್ಕೂ ತುರುಕಿದರೆ ಎರಡು ದಿನ ಒಂದೇ ಸುದ್ದಿ. ಅದರ ಅಧ್ಯಕ್ಷ ಡಬ್ಲ್ಯು.ಸಿ. ಬ್ಯಾನರ್ಜಿ ಮಾತ್ರ 29ಕ್ಕೆ ನ್ಯಾಯವಾಗಿ ಬರುತ್ತಾರೆ, ಅವರು ಹುಟ್ಟಿದ್ದು 1844ರ ಡಿಸೆಂಬರ್ 29.

ಹಂತ 3: ಯಾವ ಕ್ಯಾಲೆಂಡರ್ ಎಂದು ಕೇಳಿ

1582ರಲ್ಲಿ ಕೆಲವು ರೋಮನ್ ಕ್ಯಾಥೊಲಿಕ್ ದೇಶಗಳು ಹಳೆಯ ಜೂಲಿಯನ್ ಬಿಟ್ಟು ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದಾಗ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಬ್ರಿಟನ್ ಮತ್ತು ಅದರ ವಸಾಹತುಗಳು ಬದಲಾದದ್ದು 1752ರ ಸೆಪ್ಟೆಂಬರಿನಲ್ಲಿ, ರಷ್ಯಾ 1918ರ ಫೆಬ್ರವರಿಯಲ್ಲಿ. ನಡುವಿನ ಕಾಲದ ತಾರೀಕು ಸಿಕ್ಕಿದರೆ ಕೂಡಬೇಕಾದದ್ದು ಇಷ್ಟು: 1582ರಿಂದ 1700ರ ಫೆಬ್ರವರಿವರೆಗೆ 10 ದಿನ, 1800ರ ಫೆಬ್ರವರಿವರೆಗೆ 11, 1900ರ ಫೆಬ್ರವರಿವರೆಗೆ 12, ಅಲ್ಲಿಂದೀಚೆಗೆ 13.

ಇದನ್ನು ತಿರುಗಿಸಿ ಬಳಸುವುದೂ ಉಂಟು. ರಷ್ಯಾದ ಹಳೆಯ ದಾಖಲೆಯಿಂದ ನಮ್ಮ 29ಕ್ಕೆ ಬರಬೇಕಾದ ಘಟನೆಯ ಮೇಲೆ ಹತ್ತೊಂಬತ್ತನೆಯ ಶತಮಾನದ್ದಾದರೆ ಡಿಸೆಂಬರ್ 17, 1900ರ ನಂತರದ್ದಾದರೆ ಡಿಸೆಂಬರ್ 16 ಎಂದಿರುತ್ತದೆ. ರಷ್ಯಾದ ರಾಜಮನೆತನಕ್ಕೆ ಆಪ್ತನಾಗಿದ್ದ ರಾಸ್ಪುಟಿನ್ ಹತ್ಯೆಯ ಗೊಂದಲದ ಮೂಲ ಇಲ್ಲೇ. ಹಳೆಯ ಲೆಕ್ಕದಲ್ಲಿ 1916ರ ಡಿಸೆಂಬರ್ 16ರ ರಾತ್ರಿ ಶುರುವಾಗಿ 17ಕ್ಕೆ ಮುಗಿದ ಕಥೆ ಅದು. ಹೊಸ ಲೆಕ್ಕದಲ್ಲಿ 29ರ ರಾತ್ರಿ, 30ರ ನಸುಕು. ನಿಧನದ ಸಾಲು 30ಕ್ಕೆ ಸೇರಬೇಕು.

1582ಕ್ಕಿಂತ ಹಿಂದಿನದನ್ನು ಮುಟ್ಟಬೇಡಿ, ಜೂಲಿಯನ್ ತಾರೀಕೇ ಇರಲಿ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಹತ್ಯೆ 1170ರ ಡಿಸೆಂಬರ್ 29 ಎಂದೇ ಎಲ್ಲೆಡೆ ದಾಖಲಾಗಿದೆ. ಅದನ್ನು ‘ಸರಿಪಡಿಸಲು’ ಹೋದವರು ಕೆಡಿಸುತ್ತಾರೆ.

ನಮ್ಮ ಕಡೆಯ ತೊಡಕು ತಿಥಿಯದು. ಬಸವ ಜಯಂತಿ ವೈಶಾಖ ಶುದ್ಧ ತದಿಗೆ, ಕನಕ ಜಯಂತಿ ಕಾರ್ತಿಕ ಬಹುಳ ತದಿಗೆ, ವಾಲ್ಮೀಕಿ ಜಯಂತಿ ಆಶ್ವಯುಜ ಹುಣ್ಣಿಮೆ. ಇವು ವರ್ಷವರ್ಷವೂ ಜಾಗ ಬದಲಿಸುತ್ತವೆ. ಇಂಥವನ್ನು ತಾರೀಕಿನ ಪುಟದಲ್ಲಿ ಕಾಯಂ ಮಾಡಬೇಡಿ. ಆ ವರ್ಷ ಆ ದಿನ ಬಿದ್ದಿದ್ದರೆ ‘ಇಂದು’ ಎಂದು ಪ್ರತ್ಯೇಕ ಚೌಕದಲ್ಲಿ ಹಾಕಿ. ಶಾಸನ, ಬಖೈರು (ಹಳೆಯ ಚರಿತ್ರೆಯ ಬರಹ)ಗಳಲ್ಲಿ ಶಕ ವರ್ಷವಿದ್ದರೆ ಕ್ರಿಸ್ತಶಕಕ್ಕೆ ತರಲು 78 ಕೂಡುವುದು ವಾಡಿಕೆ. ಆದರೆ ಪುಷ್ಯದಿಂದ ಫಾಲ್ಗುಣದವರೆಗಿನ ಘಟನೆ ಜನವರಿ ದಾಟಿದ್ದರೆ 79 ಕೂಡಬೇಕು. ಡಿಸೆಂಬರ್ ಕೊನೆಯ ವಾರದ ಪುಟ ಮಾಡುವವರು ಎಡವುವ ಜಾಗ ಇದೇ. ಇನ್ನೊಂದು: ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಹಿಜರಿ ದಿನ ಸೂರ್ಯಾಸ್ತಕ್ಕೆ. ನಡುರಾತ್ರಿ ಕಳೆದು ಎರಡು ಗಂಟೆಗೆ ಹುಟ್ಟಿದವರ ಜಾತಕದ ವಾರಕ್ಕೂ ಆಸ್ಪತ್ರೆಯ ದಾಖಲೆಯ ವಾರಕ್ಕೂ ಒಂದು ದಿನ ವ್ಯತ್ಯಾಸ ಬಂದರೆ ಎರಡೂ ಸರಿಯೇ.

ಹಂತ 4: ಗಡಿಯಾರ ನೋಡಿ

ನಿಯಮ ಸರಳ: ಘಟನೆ ನಡೆದ ಜಾಗದ ತಾರೀಕನ್ನೇ ಹಿಡಿಯಿರಿ.

ಫುಟ್‌ಬಾಲ್ ಆಟಗಾರ ಪೆಲೆ 2022ರ ಡಿಸೆಂಬರ್ 29ರಂದು ಸಾವೊ ಪಾಲೊದಲ್ಲಿ ಮಧ್ಯಾಹ್ನ 3.27ಕ್ಕೆ ತೀರಿಕೊಂಡರು. ಆಗ ನಮ್ಮಲ್ಲಿ ರಾತ್ರಿ 11.57. ಸುದ್ದಿ ಇಲ್ಲಿ ಹರಡುವಾಗ ಕ್ಯಾಲೆಂಡರ್ ಮಗುಚಿ 30 ಆಗಿತ್ತು, ಅದಕ್ಕೇ ನಮ್ಮ ಫೋನುಗಳಲ್ಲಿರುವ ಶ್ರದ್ಧಾಂಜಲಿ ಸಂದೇಶಗಳ ಮೇಲೆ 30 ಎಂದಿರುತ್ತದೆ. ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ 179 ಜನ ಸತ್ತ ಜೆಜು ಏರ್ ವಿಮಾನ ದುರಂತ ಇದಕ್ಕೆ ತದ್ವಿರುದ್ಧ. 2024ರ ಡಿಸೆಂಬರ್ 29ರ ಬೆಳಿಗ್ಗೆ ಅಲ್ಲಿ 9.03 ಆಗಿದ್ದಾಗ ನ್ಯೂಯಾರ್ಕಿನಲ್ಲಿ ಇನ್ನೂ 28ರ ಸಂಜೆ. ಅಮೆರಿಕದಲ್ಲಿರುವ ಬಂಧುಗಳು ಕಳಿಸಿದ ಸ್ಕ್ರೀನ್‌ಶಾಟ್ ನಂಬಿದರೆ ಒಂದು ದಿನ ಹಿಂದೆ ಬೀಳುತ್ತೀರಿ.

ರಾತ್ರಿಯಿಡೀ ನಡೆದ ಘಟನೆಗೆ ಎರಡೂ ದಿನ ನಮೂದಿಸಿ. ಲಂಡನ್ ಮೇಲೆ ಜರ್ಮನಿ ಬೆಂಕಿಬಾಂಬುಗಳ ಮಳೆಗರೆದದ್ದು 1940ರ ಡಿಸೆಂಬರ್ 29–30ರ ರಾತ್ರಿ. ಹಾಗೆಯೇ ಬರೆದರಾಯಿತು.

ಹಂತ 5: ಎರಡು ಮೂಲ, ನಿಜವಾಗಿಯೂ ಎರಡು

ಒಂದನ್ನೊಂದು ನಕಲು ಮಾಡಿದ ಹತ್ತು ತಾಣಗಳು ಸೇರಿದರೂ ಲೆಕ್ಕಕ್ಕೆ ಒಂದೇ ಮೂಲ. ಪತ್ತೆ ಹಚ್ಚುವುದು ಸುಲಭ: ಒಂದೇ ಕಾಗುಣಿತದ ತಪ್ಪು, ಒಂದೇ ವಿಚಿತ್ರ ಪದಜೋಡಣೆ, ಒಂದೇ ತಪ್ಪು ಊರು. ಹಾಗಿದ್ದರೆ ಒಂದು ಗುರುತು ಮಾತ್ರ ಹಾಕಿ.

ಇತ್ತೀಚಿನ ಘಟನೆಗೆ ಮರುದಿನದ ಪತ್ರಿಕೆ ಒಳ್ಳೆಯ ಸಾಕ್ಷಿ, ಆದರೆ ಓದುವ ಕ್ರಮ ಗೊತ್ತಿರಬೇಕು. ಪುಟದ ತಲೆಯ ಮೇಲಿರುವುದು ಪತ್ರಿಕೆಯ ದಿನಾಂಕ. ಸುದ್ದಿಯ ಮೊದಲಲ್ಲಿ ‘ಬೆಂಗಳೂರು, ಡಿ. 29’ ಎಂದಿರುವುದು ವರದಿ ಬರೆದ ದಿನ. ಒಳಗೆ ಬರುವ ‘ಇಂದು’, ‘ನಿನ್ನೆ ರಾತ್ರಿ’ಗಳನ್ನು ಎಣಿಸಬೇಕಾದದ್ದು ವರದಿ ಬರೆದ ದಿನದಿಂದ. ಪುಟದ ತಲೆ ನೋಡಿ ಎಣಿಸಿದವರಿಗೆ ಒಂದು ದಿನ ತಪ್ಪುತ್ತದೆ.

ಎರಡು ಗಟ್ಟಿ ಮೂಲಗಳೇ ಜಗಳವಾಡಿದರೆ ಸಾಲು ಬಿಟ್ಟುಬಿಡಿ. ಬಿಡಲಾಗದಷ್ಟು ಮುಖ್ಯವಾದರೆ ಜಗಳವನ್ನೇ ಅರ್ಧ ಸಾಲಿನಲ್ಲಿ ಹೇಳಿ.

ಹಂತ 6: ಜನನ, ನಿಧನದ ಸಾಲುಗಳಿಗೆ ಪ್ರತ್ಯೇಕ ಪರೀಕ್ಷೆ

ಜನನ ದಿನಾಂಕ ಜೂನ್ 1 ಎಂದು ಸಿಕ್ಕಿದರೆ ಒಂದು ಕ್ಷಣ ನಿಲ್ಲಿ. ಹಳೆಯ ತಲೆಮಾರಿನ ಎಷ್ಟೋ ಮಂದಿಗೆ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡದ್ದೇ ಹುಟ್ಟುಹಬ್ಬ. ಆತ್ಮಕಥೆಯಿದ್ದರೆ ಅದರಲ್ಲೇ ಈ ಗುಟ್ಟು ಬಯಲಾಗಿರುತ್ತದೆ.

ಡಿಸೆಂಬರ್ 29ರ ಅತಿ ದೊಡ್ಡ ಕನ್ನಡ ಹೆಸರು ಕುವೆಂಪು. ಸಾಮಾನ್ಯವಾಗಿ ಕಾಣುವ ಸಾಲು ಇದು:

‘1904: ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯಲ್ಲಿ ರಾಷ್ಟ್ರಕವಿ ಕುವೆಂಪು ಜನಿಸಿದರು.’

ತಾರೀಕು ಸರಿ, ಊರು ತಪ್ಪು. ಅವರು ಹುಟ್ಟಿದ್ದು ತಾಯಿಯ ತವರಾದ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ಈಗಿನ ಚಿಕ್ಕಮಗಳೂರು ಜಿಲ್ಲೆ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತವರಿನಲ್ಲಿ ಹೆರಿಗೆಯಾಗುವ ನಾಡಿನಲ್ಲಿ ಮನೆತನದ ಊರನ್ನೇ ಜನ್ಮಸ್ಥಳ ಎಂದು ಬರೆಯುವ ತಪ್ಪು ಇವರೊಬ್ಬರಿಗೇ ಆದದ್ದಲ್ಲ. ತಿದ್ದಿದ ಸಾಲು:

‘1904: ಕವಿ ಕುವೆಂಪು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನನ.’

ಹೆಸರಿನ ಗೊಂದಲಕ್ಕೆ ಈ ದಿನದಷ್ಟು ಒಳ್ಳೆಯ ಉದಾಹರಣೆ ಸಿಗಲಾರದು. ಗಾಯಕ, ಸಂಗೀತ ಸಂಯೋಜಕ ಸಿ. ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29, ತೀರಿಕೊಂಡದ್ದು 2009ರ ಡಿಸೆಂಬರ್ 29. ಒಂದೇ ತಾರೀಕು ಕಂಡ ಕೂಡಲೇ ‘ಇದು ಅಚ್ಚಿನ ತಪ್ಪು’ ಎಂದು ಒಂದನ್ನು ಅಳಿಸುವವರಿದ್ದಾರೆ. ತಪ್ಪೇನಲ್ಲ, ಅವರಿಗೆ ಅಂದು ಸರಿಯಾಗಿ 70 ತುಂಬಿತ್ತು. ಮರುದಿನ, 30ರ ನಸುಕಿನಲ್ಲಿ, ನಟ ವಿಷ್ಣುವರ್ಧನ್ ಮೈಸೂರಿನಲ್ಲಿ ನಿಧನರಾದರು. ಎರಡು ಸಾವಿನ ಸುದ್ದಿ ಒಟ್ಟಿಗೇ ಬಂದದ್ದರಿಂದ ಇಬ್ಬರನ್ನೂ ಒಂದೇ ದಿನಕ್ಕೆ ಕಟ್ಟುವ ಪಟ್ಟಿಗಳು ಸಿಗುತ್ತವೆ. ಮೂರು ವಾರದೊಳಗೆ, 2010ರ ಜನವರಿ 18ರಂದು, ನಟ ಕೆ.ಎಸ್. ಅಶ್ವಥ್ ತೀರಿಕೊಂಡರು. ಫೋಟೊ ಹುಡುಕುವಾಗ ಬರೀ ‘ಅಶ್ವಥ್’ ಎಂದು ಹೊಡೆದರೆ ಗಾಯಕರ ಸಾಲಿನ ಪಕ್ಕ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು, ಅಂದರೆ ಕೆ.ಎಸ್. ಅಶ್ವಥ್, ಬಂದು ಕೂರುತ್ತಾರೆ. ಇನಿಶಿಯಲ್ ಬಿಡಬೇಡಿ.

ವಯಸ್ಸಿನ ಲೆಕ್ಕದಲ್ಲಿ ವರ್ಷದಿಂದ ವರ್ಷ ಕಳೆದು ಸುಮ್ಮನಾಗಬೇಡಿ. ನಟ ರಾಜೇಶ್ ಖನ್ನಾ 1942ರ ಡಿಸೆಂಬರ್ 29ರಂದು ಹುಟ್ಟಿ 2012ರ ಜುಲೈ 18ರಂದು ತೀರಿಕೊಂಡರು. ಕಳೆದರೆ 70, ಆದರೆ ಆ ವರ್ಷದ ಹುಟ್ಟುಹಬ್ಬ ಬಂದಿರಲಿಲ್ಲ, ಹಾಗಾಗಿ 69. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಹೆಚ್ಚುಕಡಿಮೆ ಎಲ್ಲರಿಗೂ ಈ ಒಂದು ವರ್ಷ ಕಳೆಯಬೇಕಾಗುತ್ತದೆ.

‘121ನೇ’, ‘122ನೇ’ ಎಂಬ ಗೊಂದಲಕ್ಕೂ ಪರಿಹಾರ ಉಂಟು. 1904ರಲ್ಲಿ ಹುಟ್ಟಿದವರಿಗೆ 2025ರಲ್ಲಿ 121 ವರ್ಷ ತುಂಬುತ್ತದೆ, 122ನೇ ವರ್ಷ ಶುರುವಾಗುತ್ತದೆ. ಯಾವುದನ್ನು ಹೇಳುತ್ತಿದ್ದೀರಿ ಎಂದು ‘ತುಂಬಿದ’ ಅಥವಾ ‘ಆರಂಭ’ ಎಂಬ ಪದದಿಂದ ಸ್ಪಷ್ಟಪಡಿಸಿ. ಬದುಕಿರುವವರಿಗೆ ಜನ್ಮದಿನ, ಇಲ್ಲದವರಿಗೆ ಜಯಂತಿ ಅಥವಾ ಜನ್ಮದಿನಾಚರಣೆ. ಬದುಕಿರುವವರಿಗೆ ‘ಜಯಂತಿ’ ಹಾಕಿ ಮನೆಯವರಿಂದ ಬೈಸಿಕೊಳ್ಳಬೇಡಿ.

ಸಾವಿಗೆ ಬಳಸುವ ಪದದಲ್ಲೂ ಎಚ್ಚರ ಬೇಕು. ಉಡುಪಿಯ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ 2019ರ ಡಿಸೆಂಬರ್ 29ರಂದು ಇಲ್ಲವಾದರು. ಅವಸರದಲ್ಲಿ ‘ಲಿಂಗೈಕ್ಯ’ ಎಂದು ಬರೆದರೆ ಮಾಧ್ವ ಯತಿಗೆ ವೀರಶೈವ ಲಿಂಗಾಯತ ಪರಂಪರೆಯ ಪದ ಅಂಟಿಸಿದಂತಾಗುತ್ತದೆ. ‘ಹರಿಪಾದ ಸೇರಿದರು’ ಎನ್ನಬಹುದು. ಯಾವುದೂ ಖಚಿತವಿಲ್ಲದಿದ್ದರೆ ‘ನಿಧನ’ ಎಲ್ಲರಿಗೂ ಸಲ್ಲುತ್ತದೆ.

ಹಂತ 7: ‘ವಿಶ್ವ ದಿನ’ಗಳನ್ನು ಪ್ರತಿ ವರ್ಷ ಹೊಸದಾಗಿ ನೋಡಿ

ಹಳೆಯ ಪಟ್ಟಿಗಳಲ್ಲಿ ಡಿಸೆಂಬರ್ 29ರ ಎದುರು ‘ಅಂತರರಾಷ್ಟ್ರೀಯ ಜೀವವೈವಿಧ್ಯ ದಿನ’ ಎಂದಿರುತ್ತದೆ. ಒಂದು ಕಾಲಕ್ಕೆ ಅದು ಸರಿಯಾಗಿತ್ತು, ಒಪ್ಪಂದ ಜಾರಿಯಾದ ದಿನವನ್ನೇ ಆರಿಸಿಕೊಂಡಿದ್ದರು. 2000ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅದನ್ನು ಮೇ 22ಕ್ಕೆ ಬದಲಿಸಿತು. ಪಟ್ಟಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕರ್ನಾಟಕ ಸರ್ಕಾರ 2015ರಲ್ಲಿ ಘೋಷಿಸಿದ ‘ವಿಶ್ವಮಾನವ ದಿನ’, ಕುವೆಂಪು ಹುಟ್ಟಿದ ದಿನದ್ದು, ಹಳೆಯ ಪಟ್ಟಿಗಳಲ್ಲಿ ಇರುವುದೇ ಇಲ್ಲ. ಯಾರು ಘೋಷಿಸಿದ್ದು ಎಂದು ಷರಾ ಬರೆಯಲಾಗದ ದಿನಾಚರಣೆಯನ್ನು ಹಾಕಬೇಡಿ.

ಹಂತ 8: ಕಡಿಯಿರಿ, ಬರೆಯಿರಿ

ಉಳಿದ ಸಾಲುಗಳಿಂದ ಓದುಗರಿಗೆ ತಕ್ಕವನ್ನು ಆರಿಸಿ. ಶಾಲೆಗಾದರೆ ಐದು ಸಾಕು, ಪತ್ರಿಕೆಗೆ ಹದಿನೈದರವರೆಗೆ. ವರ್ಷ ಮೊದಲು, ಆಮೇಲೆ ಯಾರು ಅಥವಾ ಏನು, ಸ್ಥಳ, ಕೊನೆಗೆ ಕ್ರಿಯೆ. ಒಂದು ಸಾಲಿಗೆ ಹನ್ನೆರಡು ಪದದ ಮಿತಿ ಹಾಕಿಕೊಳ್ಳಿ, ವಿಶೇಷಣಗಳು ತಾವಾಗಿ ಉದುರುತ್ತವೆ.

ಸಾವಿನ ಸಂಖ್ಯೆ ಇರುವ ಸಾಲಿನಲ್ಲಿ ಮೂಲಗಳು ಒಪ್ಪದಿದ್ದರೆ ಒಂದೇ ಅಂಕಿ ಹಾಕಬೇಡಿ. 1890ರ ಡಿಸೆಂಬರ್ 29ರಂದು ಅಮೆರಿಕದ ವೂಂಡೆಡ್ ನೀ ಎಂಬಲ್ಲಿ ಸೈನಿಕರು ಕೊಂದ ಲಕೋಟ ಜನರ ಸಂಖ್ಯೆಯನ್ನು 150ರಿಂದ 300ರವರೆಗೆ ಹೇಳುತ್ತಾರೆ. ಹಳೆಯ ಪಟ್ಟಿಗಳು ಇದನ್ನು ‘ಕದನ’ ಎನ್ನುತ್ತವೆ. ಸತ್ತವರಲ್ಲಿ ಹೆಂಗಸರು, ಮಕ್ಕಳು ಎಷ್ಟೋ ಜನ ಇದ್ದರು, ‘ಹತ್ಯಾಕಾಂಡ’ ಎಂದೇ ಬರೆಯಿರಿ.

ಸೋಸಿದ ಮೇಲೆ ಪುಟದ ಒಂದು ಭಾಗ ಹೀಗೆ ಕಾಣಬೇಕು:

1845: ಟೆಕ್ಸಾಸ್, ಅಮೆರಿಕದ 28ನೇ ರಾಜ್ಯವಾಗಿ ಸೇರ್ಪಡೆ.
1911: ಸುನ್ ಯಾತ್ ಸೆನ್, ಚೀನಾದ ತಾತ್ಕಾಲಿಕ ಅಧ್ಯಕ್ಷರಾಗಿ ಆಯ್ಕೆ.
1930: ಮುಸ್ಲಿಂ ಲೀಗ್ ಅಧಿವೇಶನ, ಅಲಹಾಬಾದಿನಲ್ಲಿ ಇಕ್ಬಾಲ್ ಅವರ ಅಧ್ಯಕ್ಷ ಭಾಷಣ.
1937: ಐರ್ಲೆಂಡಿನ ಸಂವಿಧಾನ ಜಾರಿ.
1943: ಸುಭಾಷ್‌ಚಂದ್ರ ಬೋಸ್, ಪೋರ್ಟ್‌ಬ್ಲೇರ್‌ಗೆ ಆಗಮನ.
1989: ವಾಕ್ಲಾವ್ ಹಾವೆಲ್, ಚೆಕೊಸ್ಲೊವಾಕಿಯದ ಅಧ್ಯಕ್ಷರಾಗಿ ಆಯ್ಕೆ.

ಅಪಾಯದ ಸೂಚನೆಗಳು

ವರ್ಷವಿದೆ, ಸ್ಥಳವಿಲ್ಲ. ‘ಪ್ರಪಂಚದಲ್ಲೇ ಮೊದಲ’ ಎಂದಿದೆ, ಯಾರು ಅಳೆದರು ಎಂದಿಲ್ಲ. ಒಬ್ಬರೇ ಎರಡು ದಿನದ ಪುಟದಲ್ಲಿ ಹುಟ್ಟಿದ್ದಾರೆ. ಕಂಪನಿಯ ಹೆಸರಿನ ವ್ಯಕ್ತಿಯನ್ನು ಅದರ ಸ್ಥಾಪಕ ಎಂದು ಬರೆದಿದೆ: 1800ರ ಡಿಸೆಂಬರ್ 29ರಂದು ಹುಟ್ಟಿದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಗಟ್ಟಿಗೊಳಿಸುವ ವಿಧಾನ ಕಂಡುಹಿಡಿದವರು, ಅವರ ಹೆಸರಿನ ಟೈರ್ ಕಂಪನಿ ಹುಟ್ಟಿದ್ದು ಅವರು ಸತ್ತ ಎಷ್ಟೋ ವರ್ಷದ ನಂತರ, 1898ರಲ್ಲಿ. ಇಂಥದ್ದು ಒಂದು ಕಂಡರೂ ಆ ಪಟ್ಟಿಯ ಉಳಿದ ಸಾಲುಗಳನ್ನೂ ಅನುಮಾನಿಸಿ.

ಹಂತ 9: ಕೊನೆಯ ಓದು ಮತ್ತು ಕಡತ

ಇನ್ನೊಬ್ಬರು ಪುಟವನ್ನು ಗಟ್ಟಿಯಾಗಿ ಓದಲಿ, ನೀವು ಹಾಳೆಯ ಮೇಲೆ ಬೆರಳಿಟ್ಟು ಕೇಳಿ. ಬರೆದವರ ಕಣ್ಣಿಗೆ 1940 ಮತ್ತು 1904 ಒಂದೇ ಆಗಿ ಕಾಣುತ್ತವೆ, ಕಿವಿಗೆ ಹಾಗಲ್ಲ. ಫೋಟೊಗಳನ್ನು ಈ ಓದಿನ ನಂತರವೇ ಜೋಡಿಸಿ.

ಬಿಟ್ಟ ಸಾಲುಗಳನ್ನು ಅಳಿಸದೆ ಷರಾ ಕಾಲಂನಲ್ಲಿ ಕಾರಣ ಬರೆದಿಡಿ: ‘ಧ್ವಜ 30ಕ್ಕೆ’, ‘ದಿನ ಮೇ 22ಕ್ಕೆ ಬದಲು’, ‘ಹಳೆಯ ಕ್ಯಾಲೆಂಡರ್’. ಮುಂದಿನ ಡಿಸೆಂಬರಿನಲ್ಲಿ ಅದೇ ಸಾಲನ್ನು ಯಾರಾದರೂ ಮತ್ತೆ ಕಳಿಸುತ್ತಾರೆ. ಆಗ ಹಾಳೆ ತೆರೆದು ನೋಡಿದರೆ ಎರಡು ನಿಮಿಷದ ಕೆಲಸ.